ನೀಲಿ ಕಲ್ಲಿನ ತಾಯಿಬಂಡೆ

“ಒಂದು ಚೂರು ಸಾಕು. ಆದರೆ ಹುಟ್ಟಿದ ಬಂಡೆಗೆ ಅಂಟಿಕೊಂಡಿರೋ ಹಾಗೇ ಬೇಕು,” ಅಂದರು ವಸ್ತುಸಂಗ್ರಹಾಲಯದ ಮೇಡಮ್ಮು. “ತಿಂಗಳ ಕೊನೆಗೆ ಈ ಕಲ್ಲನ್ನ ನಕಲಿ ಅಂತ ಬರೆದು ಉಗ್ರಾಣಕ್ಕೆ ಹಾಕ್ತಾರೆ. ಆಮೇಲೆ ನನ್ನ ಕೈಲಿ ಏನೂ ಇರಲ್ಲ.”

ಹರಳುಗಳಿಗೆ ಸಾಣೆ ಹಿಡಿದು ಬದುಕುವ ಸಾಣೆಯಾಕೆ ಗಾಜಿನ ಪೆಟ್ಟಿಗೆಯೊಳಗಿನ ಕಲ್ಲನ್ನೇ ನೋಡುತ್ತಿದ್ದಳು. ಹೆಬ್ಬೆರಳ ಉಗುರಿನಷ್ಟು ಅಗಲ, ಮುಸ್ಸಂಜೆ ಆಕಾಶದ ನೀಲಿ. ಇನ್ನೂರು ವರ್ಷದ ಹಿಂದೆ ಒಬ್ಬ ದಳಪತಿ ಹಿಮದ ಬೆಟ್ಟದಿಂದ ತಂದು ರಾಜನಿಗೆ ಒಪ್ಪಿಸಿದ ಇಂದ್ರನೀಲ ಅದು, ನಿಷ್ಠೆಯ ಗುರುತು ಅಂತ ಊರೆಲ್ಲ ನಂಬಿತ್ತು. ದೊಡ್ಡ ಹುದ್ದೆಗೆ ಬಂದವರು ಅದರ ಮುಂದೆ ನಿಂತೇ ಪ್ರಮಾಣ ಮಾಡುತ್ತಿದ್ದರು.

ಹತ್ತೊಂಬತ್ತು ವರ್ಷದ ಹಿಂದೆ ಯಾರೋ ಹೊಸ ಯಂತ್ರ ತಂದು ಪರೀಕ್ಷಿಸಿದರು. ಇದು ಇಂದ್ರನೀಲವೇ ಅಲ್ಲ ಅಂತ ಗೊತ್ತಾಯಿತು. ಹಾಗಾದರೆ ಅಸಲಿ ಎಲ್ಲಿ? ಅದಕ್ಕೆ ಕೊನೆಯ ಸಲ ಮೆರುಗು ಕೊಟ್ಟವರು ಸಾಣೆಯಾಕೆಯ ಅಪ್ಪ. “ಸ್ವಾಮಿ, ಇದು ಮೊದಲಿಂದಲೂ ಬೇರೆ ಜಾತಿ ಕಲ್ಲು, ನಾನು ಬದಲಾಯಿಸಿಲ್ಲ,” ಅಂತ ಅವರು ಬಡಕೊಂಡರು. ಕಳ್ಳತನ ಸಾಬೀತಾಗಲಿಲ್ಲ. ಆದರೆ ಊರ ಬಾಯಿಗೆ ಬೀಗ ಹಾಕುವವರು ಯಾರು? ಪಕ್ಕದಂಗಡಿಯವನೂ ಕಳ್ಳ ಅಂದ. ಅಂಗಡಿ ಹಿಂದಿನ ಕೋಣೆ ಸೇರಿದ ಅಪ್ಪ ಆಮೇಲೆ ಬೀದಿಗೇ ಇಳಿಯಲಿಲ್ಲ.

ದಳಪತಿಯ ಹಳೇ ದಾಖಲೆಯಲ್ಲಿ ಜಾಗದ ಸುಳಿವಿತ್ತು: ಮಧ್ಯಾಹ್ನ ನೀರು ಉಗುಳುವ ಗವಿ. “ಕಲ್ಲು ಪರರ ಪಾಲಾಗದಂತೆ ಬಾಯಿ ಭದ್ರಪಡಿಸಲಾಯಿತು,” ಅಂತಲೂ ಬರೆದಿತ್ತು. ಗವಿಯ ಬಾಯಿ ತಾನೇ, ಅಂದುಕೊಂಡಳು ಸಾಣೆಯಾಕೆ.

ಜೊತೆಗೆ ಹೊರಟವರು ಇಬ್ಬರು. ಒಬ್ಬ ಅವಳ ತಮ್ಮ, ಗಾರೆ ಕೆಲಸದ ಮೇಸ್ತ್ರಿ, ಭಾರೀ ಆಳು. ಇನ್ನೊಬ್ಬ ಬೆಟ್ಟದ ದಾರಿ ತೋರಿಸುವವ. ಬಂಡೆಗೆ ಕೈ ಹಾಕಿದರೆ ಬಿಡದವನು, ಅದಕ್ಕೇ ಎಲ್ಲರಿಗೂ ಅವನು ಉಡಣ್ಣ.

ಮೂರು ದಿನ ಹತ್ತಿದರು. ಮೊದಲು ಸೂಜಿಯಂಥ ಎಲೆಯ ಮರಗಳ ಕಾಡು, ಆಮೇಲೆ ಮೊಣಕಾಲೆತ್ತರದ ಪೊದೆ, ಆಮೇಲೆ ಅದೂ ಇಲ್ಲ. ಬರೀ ಬೂದು ಕಲ್ಲು, ಅದರ ಸಂದಿಗಳಲ್ಲಿ ಕೊಳೆಯಾದ ಹಿಮ. ಗಾಳಿ ಎಷ್ಟು ತೆಳು ಅಂದರೆ ನಾಲ್ಕು ಮಾತಾಡಿದರೆ ಐದನೆಯದಕ್ಕೆ ಉಸಿರಿಲ್ಲ. ಬೆಟ್ಟದ ಕಂಕುಳಲ್ಲಿ ಕಪ್ಪಗೆ ಬಾಯಿ ಬಿಟ್ಟಿತ್ತು ಗವಿ. ಅದರೊಳಗಿಂದ ಮುಂಗೈ ದಪ್ಪದ ನೀರು ಸದ್ದಿಲ್ಲದೆ ಹರಿದು ಬರುತ್ತಿತ್ತು.

“ಬಿಸಿಲೇರಿ ಮೇಲಿನ ಹಿಮ ಕರಗಿದ್ರೆ ಇದೇ ನೀರು ಎದೆಮಟ್ಟ ಬರತ್ತೆ,” ಅಂದ ಉಡಣ್ಣ. “ಬೆಳಗ್ಗೆ ಆರಕ್ಕೆ ಒಳಗೆ, ಹನ್ನೊಂದಕ್ಕೆ ಹೊರಗೆ. ಹನ್ನೊಂದೂಕಾಲು ಅಂದ್ರೆ ನಾನು ಜವಾಬ್ದಾರನಲ್ಲ.”

ಮರುದಿನ ಬೆಳಗ್ಗೆ ಆರಕ್ಕೆ ಒಳಹೊಕ್ಕರು. ಬಾಗಿ ನಡೆದರು, ಅಂಬೆಗಾಲಿಟ್ಟರು, ಕೊನೆಗೆ ಹೊಟ್ಟೆಯ ಮೇಲೆ ತೆವಳಿದರು. ಒಂದು ಕಡೆ ಸಂದು ಎಷ್ಟು ಕಿರಿದು ಅಂದರೆ ತಮ್ಮ ಉಸಿರು ಪೂರ್ತಿ ಬಿಟ್ಟು ನುಸುಳಬೇಕಾಯಿತು.

ಸಂದು ದಾಟಿದರೆ ಎದುರಿಗೆ ಗೋಡೆ. ಇಷ್ಟು ಒಳಗೆ, ಕೈಯಲ್ಲಿ ಕಟ್ಟಿದ ಗೋಡೆ!

ಸಾಣೆಯಾಕೆ ತಬ್ಬಿಬ್ಬಾದಳು. ತಮ್ಮ ಗಾರೆಯ ಮೇಲೆ ಬೆರಳಾಡಿಸಿದ. “ಸುಣ್ಣದ ಗಾರೆ ಅಕ್ಕಾ. ಒಳ್ಳೇ ಕೈ. ನಾವು ನಿಂತಿರೋ ಈ ಕಡೆಯಿಂದಲೇ ಕಟ್ಟಿ ಒರೆಸಿದ್ದಾರೆ.”

ಉಳಿ ಹಾಕಿ ಒಂದೊಂದೇ ಕಲ್ಲು ಸಡಿಲಿಸಿದ. ನಾಲ್ಕು ಕಲ್ಲು ತೆಗೆಯುವಷ್ಟರಲ್ಲಿ ಒಂಬತ್ತೂವರೆ. ಸಾಣೆಯಾಕೆ ತಲೆ ತೂರಿಸಿ, ಕಲ್ಲು ಪರೀಕ್ಷೆಗೆ ಬಳಸುವ ನೇರಳೆ ಬೆಳಕಿನ ಟಾರ್ಚು ಹಚ್ಚಿದಳು.

ಇಡೀ ಗೋಡೆ ಹೊತ್ತಿಕೊಂಡಿತು! ಬಿಳಿ ಬಂಡೆಯ ತುಂಬ ನೀಲಿ ಕಿಡಿಗಳು, ನೆಲದಿಂದ ಚಾವಣಿವರೆಗೆ. ಗಾಜಿನ ಪೆಟ್ಟಿಗೆಯ ಕಲ್ಲು ಇದೇ ಬೆಳಕಿಗೆ ಹೀಗೇ ಉರಿಯುವುದನ್ನು ಅವಳು ಕಣ್ಣಾರೆ ಕಂಡಿದ್ದಳು.

“ಸಿಕ್ತು!” ಅಂತ ಕೂಗಿ ಒಳಗೆ ಧುಮುಕಿದಳು. ಕಾಲ ಕೆಳಗೆ ಏನೋ ಒಣಗಿದ್ದು ಮುರಿಯಿತು.

ಮಾಮೂಲಿ ಟಾರ್ಚು ಹಾಕಿ ನೋಡಿದಳು. ಎಲುಬು. ಮನುಷ್ಯರ ಎಲುಬು.

ಗೋಡೆಗೆ ಒರಗಿದವರು, ಒಬ್ಬರ ಮಡಿಲಲ್ಲಿ ಒಬ್ಬರು ತಲೆಯಿಟ್ಟವರು. ಕೈಬಳಿ ಸುತ್ತಿಗೆ, ಮೊಂಡಾದ ಉಳಿಗಳು. ಉಡಣ್ಣ ಮೆಲ್ಲಗೆ ಎಣಿಸಿದ. ಹದಿಮೂರು ತಲೆ.

“ಬಂಡೆ ಕುಸಿದು ಸತ್ತರೇನೋ,” ಅಂದಳು. ಹಾಗೇ ಆಗಿರಲಿ ಅನ್ನಿಸಿತ್ತು.

“ಕುಸಿದಿಲ್ಲ ಅಕ್ಕಾ. ಇಲ್ಲಿ ನೋಡು.” ತಮ್ಮ ಕಟ್ಟಿದ ಗೋಡೆಯ ಒಳಮೈಗೆ ಬೆಳಕು ಹಿಡಿದ. ಮೇಲಿಂದ ಕೆಳಗೆ ಉಳಿಯ ಏಟುಗಳು, ಸಾವಿರಾರು. ಒಂದು ಕಡೆ ಗೇಣುದ್ದ ಕೊರೆದು ನಿಂತಿತ್ತು. “ಇವರು ಒಳಗೆ ಕೆಲಸ ಮಾಡ್ತಿರುವಾಗಲೇ ಕಟ್ಟಿದ್ದಾರೆ. ಗಾರೆ ಬಿಗಿಯೋ ತನಕ ಯಾರೋ ಹೊರಗೆ ಕಾವಲು ನಿಂತಿರಬೇಕು.”

ಭದ್ರಪಡಿಸಲಾಯಿತು! ಸಾಣೆಯಾಕೆ ಎಲುಬುಗಳ ನಡುವೆಯೇ ಕುಸಿದು ಕೂತಳು. ಜಾಗ ಬಲ್ಲವರ ಬಾಯನ್ನೇ ಭದ್ರಪಡಿಸಿದ್ದ ಪುಣ್ಯಾತ್ಮ. ನಿಷ್ಠೆಯ ಗುರುತಂತೆ, ಪ್ರಮಾಣವಂತೆ! ಎದ್ದು ಬಂಡೆಯ ಹತ್ತಿರ ಹೋದಳು. ಸುತ್ತಿಗೆ ಎತ್ತಿದ ಕೈ ಮೇಲಕ್ಕೇ ನಿಂತುಬಿಟ್ಟಿತು. ಇವರ ಮನೆಯಿಂದ ಕದ್ದ ಹಾಗೆ ಅನ್ನಿಸಿತು.

“ಅಕ್ಕಾವ್ರೇ,” ಉಡಣ್ಣ ಭುಜ ಅಲುಗಿಸಿದ. “ನೀರಿನ ಸದ್ದು ಬದಲಾಯ್ತು. ಒಡೀರಿ. ನಾವು ಹೇಳದಿದ್ರೆ ಇವರ ವಿಷಯ ಇನ್ಯಾರು ಹೇಳ್ತಾರೆ?”

ಒಡೆದಳು. ಮುಷ್ಟಿಯಷ್ಟು ಬಿಳಿ ಬಂಡೆ, ಅದರಲ್ಲಿ ಮೂರು ನೀಲಿ ಹರಳು. ತಮ್ಮ ಎಲ್ಲದರ ಚಿತ್ರವನ್ನೂ ಫೋನಿನಲ್ಲಿ ತೆಗೆದ.

ಹಿಂದಿರುಗುವಾಗ ಬಂದ ದಾರಿ ಗುರುತೇ ಸಿಗಲಿಲ್ಲ. ನೀರು ಮೊಣಕೈ ಮುಳುಗಿಸಿತ್ತು.

ಉಡಣ್ಣ ಮೊದಲು ನುಸುಳಿದ. ಹಿಂದೆ ಅವಳು. ಅವಳ ಕೈಲಿದ್ದ ಹಗ್ಗದ ಇನ್ನೊಂದು ತುದಿ ತಮ್ಮನ ಸೊಂಟಕ್ಕಿತ್ತು.

ತಮ್ಮ ಸಂದಿನಲ್ಲಿ ಸಿಕ್ಕಿಕೊಂಡ.

“ಉಸಿರು ಬಿಡೋ!”

“ಬಿಟ್ಟೆ! ನೀರು ಬಾಯಿಗೆ—”

ಮಾತು ಗುಳುಗುಳು ಆಯಿತು. ಟಾರ್ಚಿನ ಬೆಳಕು ನೀರೊಳಗೆ ಹಸಿರಾಯಿತು.

ಸಾಣೆಯಾಕೆ ಬಂಡೆಗೆ ಎರಡೂ ಕಾಲು ಒತ್ತಿ ಹಿಡಿದು ಹಗ್ಗ ಎಳೆದಳು. ಉಡಣ್ಣ ಅವಳ ಸೊಂಟ ಹಿಡಿದು ಎಳೆದ. ಅಂಗೈ ಚರ್ಮ ಸುಲಿಯಿತು. ಬರಲಿಲ್ಲ. ಇನ್ನೊಮ್ಮೆ! ಅಂಗಿ ಹರಿದ ಸದ್ದು, ಆಮೇಲೆ ಇಡೀ ಆಳು ಅವಳ ಮೇಲೆ ಬಂದು ಬಿದ್ದ. ಕೆಮ್ಮುತ್ತಾ ಅಂದ: “ನಾಳೆಯಿಂದ ಎರಡನೇ ಸಲ ಅನ್ನ ಬಡಿಸ್ಕೊಂಡ್ರೆ ಕೇಳು.”

ಎದೆಮಟ್ಟದ ನೀರು ಮೂವರನ್ನೂ ಬಿಸಿಲಿಗೆ ಉಗುಳಿದಾಗ ಹನ್ನೊಂದೂ ಹತ್ತು. ಸಾಣೆಯಾಕೆ ಬಂಡೆಚೂರನ್ನು ಎದೆಗವಚಿಕೊಂಡು ಬಿಸಿಲು ಕಾದ ಕಲ್ಲಿನ ಮೇಲೆ ಕೂತಳು.

ಪರೀಕ್ಷೆಯ ವರದಿ ವಾರದಲ್ಲಿ ಬಂತು. ಎರಡೂ ಒಂದೇ ಜಾತಿ; ಬೇರೆಲ್ಲೂ ಕಾಣದ ಖನಿಜ. ಕಲ್ಲು ಅಸಲಿಯೇ, ಹೆಸರಷ್ಟೇ ತಪ್ಪು. ಮೇಡಮ್ಮು ವರದಿಯನ್ನು ತಾವೇ ಅಂಗಡಿ ಹಿಂದಿನ ಕೋಣೆಗೆ ತಂದು ಅಪ್ಪನ ಕೈಗಿಟ್ಟು, “ದೊಡ್ಡ ತಪ್ಪಾಯ್ತು, ಕ್ಷಮಿಸಿ,” ಅಂದರು.

ಅಪ್ಪ ಓದಲಿಲ್ಲ. ಮಗಳ ಕಡೆ ತಿರುಗಿದರು. “ಎಷ್ಟು ಜನ ಅಂದೆ?”

“ಹದಿಮೂರು, ಅಪ್ಪ.”

“ಆ ಕಲ್ಲಿಗೆ ಹೊಳಪು ಬರಲಿ ಅಂತ ಇದೇ ಕೈಯಲ್ಲಿ ಇಪ್ಪತ್ತು ದಿನ ತಿಕ್ಕಿದೀನಿ.” ವರದಿಯನ್ನು ಮಡಿಸಿ ಬದಿಗಿಟ್ಟರು. “ಮೊದಲು ಅವರನ್ನ ಕೆಳಗೆ ಕರ್ಕೊಂಡು ಬನ್ನಿ. ನನ್ನ ವಿಷಯ ಆಮೇಲೆ.”

ಮುಂದಿನ ತಿಂಗಳು ಉಡಣ್ಣ ಇಪ್ಪತ್ತು ಜನರನ್ನು ಕಟ್ಟಿಕೊಂಡು ಮತ್ತೆ ಬೆಟ್ಟ ಹತ್ತಿದ. ಹದಿಮೂರು ಮರದ ಪೆಟ್ಟಿಗೆಗಳು ಇಳಿದು ಬಂದ ದಿನ ಬೀದಿಯ ಎರಡೂ ಬದಿ ಜನ ನಿಂತಿದ್ದರು. ಸಾಣೆಯಾಕೆಯ ತೋಳು ಹಿಡಿದು ಅಪ್ಪ ಹೊರಗೆ ಬಂದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕ್ಷಣ ನಿಂತವರು, ಅವಳ ತೋಳು ಬಿಟ್ಟು ನೇರ ನಡೆದು ಕೊನೆಯ ಪೆಟ್ಟಿಗೆಗೆ ಹೆಗಲು ಕೊಟ್ಟರು. ಅಲ್ಲಿ ಹೆಗಲು ಕೊಟ್ಟಿದ್ದ ಪಕ್ಕದಂಗಡಿಯವನು ತಲೆ ತಗ್ಗಿಸಿ ಜಾಗ ಬಿಟ್ಟ.