ಕೊನೇ ಗಾಲಿ ಹಾಕಿದ ಕೈ

ಬನ್ನಿ ಮಕ್ಕಳೇ, ಬಾಗಿಲಲ್ಲಿ ನಿಂತವರೂ ಒಳಗೆ ಬನ್ನಿ. ಕಾಲು ಮಡಿಸಿ ಕೂತ್ಕೊಳ್ಳಿ. ಕೈಯಲ್ಲಿರೋ ಕಡಲೆಕಾಯಿ ಈಗಲೇ ತಿಂದು ಮುಗಿಸಿಬಿಡಿ, ಕತೆ ನಡುವೆ ಸಿಪ್ಪೆ ಸದ್ದು ಆಗಬಾರದು. ಇದು ಅಳಿಸುವ ಕತೆ. ಅಳು ಬಂದವರು ಅಳಬಹುದು, ಎದ್ದು ಹೋಗೋದು ಮಾತ್ರ ಬೇಡ.

ಬಹಳ ಬಹಳ ಹಿಂದೆ, ಸೂರ್ಯ ಮುಳುಗುವ ದಿಕ್ಕಿನಲ್ಲಿ ಅರಗಿನಪುರ ಅಂತ ಒಂದು ರಾಜ್ಯ. ಆ ರಾಜ್ಯದಲ್ಲಿ ಆನೆ ಇರಲಿಲ್ಲ, ಕುದುರೆ ಇರಲಿಲ್ಲ. ರಾಜ ಬೇಟೆಗೆ ಹೋದರೂ ಕಾರು, ರಾಣಿ ತವರಿಗೆ ಹೋದರೂ ಕಾರು. ಹಾಗಾಗಿ ಅಲ್ಲಿನ ಮಕ್ಕಳು ಆಡುವುದೂ ಮರದ ಕಾರಿನಲ್ಲೇ. ಆ ಕಾರು ಮಾಡುವವನು ಸಿದ್ದಾಚಾರಿ. ಹಾಲೆ ಮರದ ತುಂಡನ್ನು ತಿರುಗಣೆಗೆ ಕೊಟ್ಟು, ಬಣ್ಣದ ಅರಗು ಒತ್ತಿ, ತಾಳೆಗರಿಯಲ್ಲಿ ಉಜ್ಜಿದನೆಂದರೆ ಗಾಲಿ ಹುಣಸೆ ಬೀಜದ ಹಾಗೆ ಮಿನುಗುವುದು.

ಆಚಾರಿ ಮನೆಯಲ್ಲಿ ಒಂದು ಪದ್ಧತಿ. ಕಾರಿಗೆ ಮೂರೇ ಗಾಲಿ ಹಾಕುವುದು. ನಾಲ್ಕನೆಯದನ್ನು ಮಗುವಿನ ಅಂಗೈಗೆ ಇಟ್ಟು "ಹಾಕು ಕಂದ" ಅನ್ನುವುದು. ಮಗು ಕೈಯಾರೆ ಅದನ್ನು ಸಿಕ್ಕಿಸಿದರೆ ಕಾರು ಮಗುವಿನದು, ಮಗು ಕಾರಿನದು. ಮುಂದೆ ಆ ಗಾಲಿ ಕೀಳಬೇಕಾದರೂ ಹಾಕಿದ ಕೈಯೇ ಕೀಳಬೇಕು. ಬೇರೆಯವರು ಎಷ್ಟು ಎಳೆದರೂ ಬಾರದು.

ಸಿದ್ದಾಚಾರಿಯ ಹೆಂಡತಿ ತೀರಿಹೋಗಿದ್ದಳು. ಮಕ್ಕಳಿಬ್ಬರು, ಮಗ ಮೌನೇಶ, ಮಗಳು ಹೊನ್ನಾಜಿ. ತಾಯಿ ಹೋದ ಮೇಲೆ ಹೊನ್ನಾಜಿ ಅನ್ನ ಬಿಟ್ಟಳು. ಆಗ ಮೌನೇಶ, ಇನ್ನೂ ತನ್ನ ಮೂಗು ತಾನು ಒರೆಸಿಕೊಳ್ಳಲು ಬಾರದವನು, ತಂಗಿಗೊಂದು ಕೆಂಪು ಕಾರು ಮಾಡಿದ. ನಾಲ್ಕನೇ ಗಾಲಿ ಅವಳ ಕೈಗಿಟ್ಟು "ಹಾಕು ಹೊನ್ನೂ" ಅಂದ. ಹಾಕಿದಳು. ಒಂದು ಗಾಲಿ ದೊಡ್ಡದು, ಮಿಕ್ಕವು ಚಿಕ್ಕವು. ನೆಟ್ಟಗೆ ಬಿಟ್ಟರೆ ಸೊಟ್ಟಗೆ ಹೋಗಿ ಒಲೆಗೆ ಗುದ್ದಿತು.

"ಅಣ್ಣಾ, ನಿನ್ನ ಕಾರಿಗೆ ಹಸಿವು. ಒಲೆ ಹತ್ರಾನೇ ಹೋಗ್ತದೆ," ಅಂದಳು ಹೊನ್ನಾಜಿ.

"ಕಾರಿಗಿರೋ ಬುದ್ಧಿ ನಿನಗಿಲ್ಲ ನೋಡು," ಅಂದ ಮೌನೇಶ.

ಹೊನ್ನಾಜಿ ನಕ್ಕಳು. ನಕ್ಕವಳು ಎರಡು ತುತ್ತು ಉಂಡಳು.

ಆಮೇಲೆ ಇಬ್ಬರಿಗೂ ಅದೇ ಆಟ. ಒಬ್ಬರು ಕಾರು ಬಿಡುವುದು, ಇನ್ನೊಬ್ಬರು ನೆಲಕ್ಕೆ ಕೆನ್ನೆ ಇಟ್ಟು ಒಂದು ಕಣ್ಣು ಮುಚ್ಚಿ ನೋಡುವುದು. ಹಾಗೆ ನೋಡಿದರೆ ಗೇಣುದ್ದದ ಕಾರು ಅರಮನೆ ಕಾರಿಗಿಂತ ದೊಡ್ಡದಾಗಿ ಮೈಮೇಲೆ ಬರುತ್ತಿತ್ತು. ಮೂಗಿಗೆ ತಾಗುವ ಮೊದಲು, ಬಿಟ್ಟವರು ಓಡಿಬಂದು ಹಿಡಿಯಬೇಕು. ಮೌನೇಶ ಒಂದು ದಿನವೂ ತಪ್ಪಲಿಲ್ಲ.

ಮಕ್ಕಳು ದೊಡ್ಡವರಾದರು. ಒಂದು ಮಧ್ಯಾಹ್ನ ಕೇರಿಗೆ ಒಂದು ಓಟದ ಕಾರು ಬಂದು ನಿಂತಿತು. ಹಳೇ ಕಾಲದ್ದು. ಇಬ್ಬರೇ ಕೂರುವುದು, ಮೇಲೆ ಚಾವಣಿಯಿಲ್ಲ. ಮೂತಿ ಉದ್ದ, ಸೊಂಟ ಸಣ್ಣ, ಗಾಲಿಗೆ ಜೇಡರ ಬಲೆಯಂಥ ತಂತಿ, ಗುಂಡಗೆ ಎರಡು ದೀಪ. ಬಣ್ಣವೋ, ಈಗ ತಾನೇ ಅರಗು ಒತ್ತಿದ ಕೆಂಪು. ಇದ್ದದ್ದು ಮೂರೇ ಗಾಲಿ. ಮೂರೇ ಗಾಲಿಯಲ್ಲಿ ಅದು ಹೇಗೆ ಬಂತು ಅಂತ ಯಾರೂ ಕೇಳಲಿಲ್ಲ. ಚೆಂದದ್ದು ಕಣ್ಣೆದುರು ನಿಂತಾಗ ಯಾರು ಕೇಳುತ್ತಾರೆ?

ಪಕ್ಕದಲ್ಲಿ ನಿಂತಿದ್ದವನು ಧೂಮಾಂಗ. ಅವನು ಮಾಟಗಾರ ಅಂತ ಅವತ್ತು ಯಾರಿಗೂ ತಿಳಿಯದು.

ಮೌನೇಶ ಕಾರನ್ನು ಮೂರು ಸುತ್ತು ಸುತ್ತಿ ಬಂದ. "ಯಜಮಾನ್ರೇ, ಇಂಥಾದ್ದು ನಾನು ಹುಟ್ಟಿದ ಮೇಲೆ ನೋಡಿಲ್ಲ."

"ನೋಡಪ್ಪ, ನೋಡೋಕೇನು. ಒಂದು ಗಾಲಿ ಕಳಚಿಕೊಂಡಿದೆ, ಹಾಕಿಕೊಡ್ತೀಯಾ?" ಅಂತ ಧೂಮಾಂಗ ನಾಲ್ಕನೇ ಗಾಲಿಯನ್ನು ಅವನ ಕೈಗೆ ಕೊಟ್ಟ.

ಬೇರೆ ಊರಿನವನಾಗಿದ್ದರೆ ಕಮ್ಮಾರನನ್ನು ಕರೀರಿ ಅನ್ನುತ್ತಿದ್ದ. ಆಚಾರಿ ಮಗ, ಕೊನೇ ಗಾಲಿ ಕೈಗೆ ಬಂದರೆ ಹಾಕದೆ ಇರುತ್ತಾನೆಯೇ? ಹಾಕಿಬಿಟ್ಟ. ಕಾರು ಅವನದಾಯಿತು, ಅವನು ಕಾರಿನವನಾದ. ಬಾಗಿಲು ತಾನಾಗಿ ತೆರೆಯಿತು. ಕೂತ, ಹೊರಟ. "ಅಣ್ಣಾ, ಎಲ್ಲಿಗೆ?" ಅಂತ ಹೊನ್ನಾಜಿ ಹಿಂದೆ ಓಡಿದಳು. ಅವಳಿಗೆ ದೂಳು ಸಿಕ್ಕಿತು.

ಧೂಮಾಂಗನ ಕಾರುಗಳು ಎಣ್ಣೆಯಿಂದ ಓಡುವುದಿಲ್ಲ ಮಕ್ಕಳೇ. ಕೂತವನ ಬಾಲ್ಯದ ನೆನಪನ್ನು ಉರಿಸಿಕೊಂಡು ಓಡುತ್ತವೆ. ಆ ಹೊಗೆ ಕುಡಿದೇ ಅವನಿಗೆ ಮುಪ್ಪಿಲ್ಲ. ನೆನಪೆಲ್ಲ ತೀರಿದ ದಿನ ಕೂತವನು ಹಿತ್ತಾಳೆ ಗೊಂಬೆಯಾಗಿ ಕಾರಿನ ಮೂತಿಯ ಮೇಲೆ ನಿಲ್ಲುತ್ತಾನೆ.

ಕೆಲವು ತಿಂಗಳಾದ ಮೇಲೆ ಆ ಕೆಂಪು ಕಾರು ಕೇರಿಯಲ್ಲೇ ಹಾದುಹೋಯಿತು. ಹೊನ್ನಾಜಿ ಅಡ್ಡ ನಿಂತಳು. ಮೌನೇಶ ಅವಳ ಮುಖ ನೋಡಿ, ಪರವೂರಿನವಳಿಗೆ ಹೇಳುವ ಹಾಗೆ, "ದಾರಿ ಬಿಡಮ್ಮ" ಅಂದ, ಕಾರು ನಿಲ್ಲಿಸದೆ ಅವಳನ್ನು ಬಳಸಿ ಹೋದ.

ಅವಳು ಬಂದು ಅಪ್ಪನ ಮುಂದೆ ಕೂತಳು. "ಅಪ್ಪಾ, ನಾನು ಹೋಗಿ ಆ ಗಾಲಿ ಕಿತ್ತು ಬರ್ತೀನಿ."

"ನಿನ್ನ ಕೈಗೆ ಬರೋದಿಲ್ಲ ಕಣವ್ವ. ಅವನೇ ಹಾಕಿದ್ದು, ಅವನೇ ಕೀಳಬೇಕು."

"ಅವನಿಗೆ ನೆನಪೇ ಇಲ್ಲವಲ್ಲಪ್ಪ."

ಸಿದ್ದಾಚಾರಿ ನಿಂತುಹೋದ ತಿರುಗಣೆಯ ಮೇಲಿದ್ದ ಗಾಲಿಯನ್ನು ತಾಳೆಗರಿಯಲ್ಲಿ ಉಜ್ಜುತ್ತಲೇ ಇದ್ದ.

ಹೊನ್ನಾಜಿ ಬುತ್ತಿ ಕಟ್ಟಿಕೊಂಡು, ಕಾರು ಹೋದ ಜಾಡು ಹಿಡಿದು ಧೂಮಾಂಗ ಇರುವ ಬೆಟ್ಟಕ್ಕೆ ಹೊರಟಳು. ಮೊದಲ ಬಾಗಿಲಲ್ಲಿ ಒಂದು ಕತ್ತೆಕಿರುಬ. ಅದಕ್ಕೆ ಕಣ್ಣಿನ ಜಾಗದಲ್ಲಿ ಕಾರಿನ ದೀಪ.

"ಒಳಗೆ ನಮ್ಮ ಒಡೆಯನ ಕಾರುಗಳು ನಿಂತಾವೆ. ಒಂದನ್ನೂ ಮುಟ್ಟದೆ ದಾಟು. ಮುಟ್ಟಿದೆಯೋ, ನೀನೂ ನಮ್ಮವಳೇ," ಅಂದಿತು.

ಒಳಗೆ ಕೊಕ್ಕರೆಯಂಥ ಬಿಳಿ ಕಾರು, ಗಿಳಿಯಂಥ ಹಸಿರು ಕಾರು, ಅರಿಶಿನದಂಥ ಹಳದಿ ಕಾರು. ಒಂದೊಂದರ ಬೆನ್ನೂ ಸವರು ಸವರು ಅನ್ನುವಂತಿತ್ತು. ಹೊನ್ನಾಜಿಯದೋ ಆಚಾರಿ ಮಗಳ ಕೈ. ಹೊಳೆಯುವುದನ್ನು ಕಂಡರೆ ಉಜ್ಜಲು ತಾನಾಗಿ ಹೋಗುವ ಕೈ. ಅವಳು ಸೆರಗಿನಿಂದ ಕೈಯೆರಡನ್ನೂ ಸುತ್ತಿ ಹಲ್ಲಲ್ಲಿ ಗಂಟು ಬಿಗಿದುಕೊಂಡು ದಾಟಿದಳು.

ಎರಡನೇ ಬಾಗಿಲಲ್ಲಿ ಒಂದು ಕಪ್ಪು ಕೊಕ್ಕರೆ. ಅದರ ಗಂಟಲು ಕಾರಿನ ಹಿತ್ತಾಳೆ ಹಾರ್ನು. "ನಾನು ಕೂಗ್ತೀನಿ, ತಿರುಗದೆ ಹೋಗು. ತಿರುಗಿದರೆ ಕಲ್ಲಾಗ್ತೀಯ," ಅಂದಿತು. ಅವಳು ಹೆಜ್ಜೆ ಇಟ್ಟಳು. ಹಿಂದಿನಿಂದ ತೀರಿಹೋದ ತಾಯಿಯ ದನಿ ಬಂತು. "ಹೊನ್ನೂ, ತಲೆ ಬಾಚ್ತೀನಿ ಬಾರೇ. ಎಷ್ಟು ಸಿಕ್ಕಾಗಿದೆ ನೋಡು."

ತಿರುಗಿದ್ದರೆ ತಾಯಿಯ ಮುಖ ಕಾಣುತ್ತಿತ್ತೋ ಏನೋ. ಹೊನ್ನಾಜಿ ಬಿಕ್ಕುತ್ತಾ ಮುಂದೆ ಮುಂದೆಯೇ ನಡೆದಳು.

ಕೊಕ್ಕರೆಗೂ ಮರುಕವಾಯಿತು. "ನಿಲ್ಲು ತಾಯಿ, ಒಂದು ಮಾತು. ಕಾರಿನ ಬೆನ್ನಿಗೆ ಒಂದು ಬಾಯಿ ಇದೆ. ಆ ಬಾಯಿಗೆ ನೀನು ಹೇಳಿದ ನೆನಪು ಕೂತವನಿಗೆ ಸೇರ್ತದೆ. ಆದರೆ ಹೇಳಿದ್ದು ನಿನ್ನಲ್ಲಿ ಉಳಿಯೋದಿಲ್ಲ."

ಮೂರನೇ ಬಾಗಿಲಾಚೆ ದೊಡ್ಡ ಬಯಲು. ಕೆಂಪು ಕಾರು ಗಾಣದ ಎತ್ತಿನ ಹಾಗೆ ಸುತ್ತುತ್ತಿತ್ತು. ನಡುವೆ ಧೂಮಾಂಗ ಹೊಗೆ ಎಳೆಯುತ್ತಾ ಕೂತಿದ್ದ. "ಅಣ್ಣನ್ನ ಕರ್ಕೊಂಡು ಹೋಗೋಕೆ ಬಂದ್ಯಾ? ನಿಲ್ಲಿಸು ನೋಡೋಣ. ಆ ಕಾರು ಇವತ್ತಿನವರೆಗೆ ಯಾರಿಗೂ ನಿಂತಿಲ್ಲ."

ಹೊನ್ನಾಜಿ ಕೂಗಲಿಲ್ಲ, ಬೇಡಲಿಲ್ಲ. ಕಾರು ಬರುವ ದಾರಿಯಲ್ಲಿ ಮಲಗಿದಳು. ನೆಲಕ್ಕೆ ಕೆನ್ನೆ ಇಟ್ಟಳು. ಒಂದು ಕಣ್ಣು ಮುಚ್ಚಿದಳು. ಕಾರು ಗುಡುಗುತ್ತಾ ಬಂತು, ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು, ಅವಳ ಮೂಗಿನ ತುದಿಯಲ್ಲಿ ಗಕ್ಕನೆ ನಿಂತಿತು.

ಮೌನೇಶ ಕಾರಿನಿಂದ ಬಗ್ಗಿ ನೋಡಿದ. "ಸಾಯ್ತಿದ್ದೆಯಲ್ಲಮ್ಮ. ಯಾಕೆ ಹೀಗೆ ಮಲಗಿದೆ? ನಾನು ಯಾಕೆ ನಿಲ್ಲಿಸಿದೆನೋ ನನಗೇ ಗೊತ್ತಿಲ್ಲ."

"ನನಗೆ ಗೊತ್ತು," ಅಂದಳು ಹೊನ್ನಾಜಿ.

ಕಾರಿನ ಹಿಂದೆ ಹೋಗಿ, ಅದನ್ನು ಮುಟ್ಟದೆ, ಆ ಬಾಯಿಯ ಹತ್ತಿರ ಬಾಯಿ ತಂದು ಹೇಳತೊಡಗಿದಳು. ಸೊಟ್ಟ ಕಾರು ಒಲೆಗೆ ಗುದ್ದಿದ್ದು ಹೇಳಿದಳು, ಅದು ಹೋಯಿತು. ಅಮ್ಮನ ಸೀರೆಯ ಕೆಳಗೆ ಇಬ್ಬರೂ ಅಡಗಿದ್ದು ಹೇಳಿದಳು, ಅದೂ ಹೋಯಿತು. ಜ್ವರದಲ್ಲಿ ಅಣ್ಣ ಅವಳನ್ನು ಬೆನ್ನ ಮೇಲೆ ಹೊತ್ತದ್ದು, ಬೆಲ್ಲ ಕದ್ದು ಇಬ್ಬರೂ ಏಟು ತಿಂದದ್ದು, ಅವನ ನಗು, ಅವನ ಮುನಿಸು, ಒಂದೊಂದೇ ಹೋಯಿತು. ಉಳಿದದ್ದು ಒಂದು: ಅವನು ಗಾಲಿ ಕೈಗಿಟ್ಟು "ಹಾಕು ಹೊನ್ನೂ" ಅಂದದ್ದು. ಅದೊಂದನ್ನು ಇಟ್ಟುಕೊಳ್ಳಲೇ ಅಂತ ಅವಳಿಗೆ ಆಸೆಯಾಯಿತು.

"ಇಟ್ಕೋ ತಾಯಿ," ಅಂದ ಧೂಮಾಂಗ ಬೆಣ್ಣೆಯಂಥ ದನಿಯಲ್ಲಿ. "ಅದನ್ನೂ ಕೊಟ್ಟರೆ ನಿನಗೆ ಅಣ್ಣ ಅನ್ನೋನೇ ಇರೋದಿಲ್ಲ."

"ನನಗಿರದಿದ್ದರೇನು? ಅವನು ಇರ್ತಾನಲ್ಲ," ಅಂದಳು. ಹೇಳಿಬಿಟ್ಟಳು.

ಮೌನೇಶ ಕಾರಿನಿಂದ ಇಳಿದ. ತಾನು ಹಾಕಿದ ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತ. ಕಾರು ಮಗ್ಗುಲಿಗೆ ಬಿತ್ತು, ಮಾಟ ಮುರಿಯಿತು. ಬಿದ್ದೊಡನೆ ಬೆಟ್ಟದ ಕಾರುಗಳೆಲ್ಲ ತಣ್ಣಗಾದವು. ಹೊಗೆ ನಿಂತಿತು. ಧೂಮಾಂಗನ ಕೂದಲು ನೆರೆಯಿತು, ಹಲ್ಲು ಉದುರಿತು, ಮೈ ಬೂದಿಯಾಗಿ ಕೂತಲ್ಲೇ ಕುಸಿಯಿತು.

"ಹೊನ್ನೂ," ಅಂತ ಮೌನೇಶ ಓಡಿಬಂದು ಅವಳ ಕೈ ಹಿಡಿದ.

ಅವಳು ಕೈ ಬಿಡಿಸಿಕೊಂಡು ಸೆರಗು ಸರಿಮಾಡಿಕೊಂಡಳು. "ಯಾರಪ್ಪ ನೀವು? ನಾನು ಇಲ್ಲಿಗೆ ಯಾಕೆ ಬಂದೆ?"

ಆಮೇಲೇನಾಯಿತು ಕೇಳಿ. ಧೂಮಾಂಗನ ಬೂದಿ ಮೊದಲ ಮಳೆಗೆ ಕೊಚ್ಚಿಹೋಯಿತು. ಹಿತ್ತಾಳೆ ಗೊಂಬೆಗಳು ಮನುಷ್ಯರಾಗಿ ಇಳಿದು ಮನೆ ಮನೆ ಸೇರಿದರು. ಕತ್ತೆಕಿರುಬ ಕಾಡಿಗೆ ಹೋಯಿತು, ಕೊಕ್ಕರೆ ಕೆರೆಗೆ ಹೋಯಿತು. ಕಾರುಗಳು ಬೆಟ್ಟದಲ್ಲೇ ನಿಂತವು. ಇನ್ನು ಕೇಡಿಲ್ಲ ಅಂತ ಜನ ಹೋಗಿ ಬೆರಗಿನಿಂದ ನೋಡಿ ಬರುತ್ತಾರೆ. ಮೌನೇಶನೂ ಹೋಗುತ್ತಾನೆ, ಚೆಂದದ್ದನ್ನು ನೋಡುವುದು ತಪ್ಪಲ್ಲವಲ್ಲ. ಸಿದ್ದಾಚಾರಿ ಮಗನನ್ನು ಕಣ್ತುಂಬ ನೋಡಿ, ತುಂಬು ವಯಸ್ಸಿನಲ್ಲಿ ಕಣ್ಣು ಮುಚ್ಚಿದ. ಹೊನ್ನಾಜಿಗೆ ಒಳ್ಳೆ ಕಡೆ ಮದುವೆಯಾಯಿತು, ಮಕ್ಕಳಾದವು. ಅಪ್ಪ ಹೇಳಿದ್ದಕ್ಕೆ ಅವಳು ಮೌನೇಶನನ್ನು ಅಣ್ಣಯ್ಯ ಅಂತ ಕರೆದಳು, ಹಬ್ಬಕ್ಕೆ ಬಂದಾಗ ಮಣೆ ಹಾಕಿ ಬಡಿಸಿದಳು, ಬಲು ಮರ್ಯಾದೆಯಿಂದ ಮಾತಾಡಿಸಿದಳು.

ಊಟವಾದ ಮೇಲೆ ಮೌನೇಶ ಜಗಲಿಯಲ್ಲಿ ಕೂತು ಅವಳ ಮಕ್ಕಳಿಗೆ ಒಬ್ಬ ಅಣ್ಣ, ಒಬ್ಬಳು ತಂಗಿ, ಒಂದು ಸೊಟ್ಟ ಕಾರಿನ ಕತೆ ಹೇಳುತ್ತಿದ್ದ. ಹೊನ್ನಾಜಿ ಬಾಗಿಲಿಗೆ ಒರಗಿ ಕೇಳುತ್ತಿದ್ದಳು.

"ಪಾಪ, ಎಷ್ಟು ಪ್ರೀತಿ ಆ ಮಕ್ಕಳಿಗೆ," ಅಂದಳು ಒಂದು ದಿನ. "ಈಗ ಎಲ್ಲಿದ್ದಾರೆ ಅಣ್ಣಯ್ಯ ಅವರು?"

"ಇದ್ದಾರಮ್ಮ," ಅಂದ ಮೌನೇಶ. "ಇಬ್ಬರೂ ಚೆನ್ನಾಗಿದ್ದಾರೆ."