ನಿಮ್ಮ ಕಾಚ ಹೊಲಸಾಗ್ಯಾದ್ರಿ

"ಮ್ಯಾಡಮ್, ನಿಮ್ಮ ಕಾಚ ಭಾಳ ಹೊಲಸಾಗ್ಯಾದ್ರಿ. ಇವತ್ತೇ ಬದಲಿ ಮಾಡ್ಕೊಂಡು ಹೋಗ್ರಿ."

ಮಂಜುಶ್ರೀಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು. ಮಾತಾಡಿದವನು ಅವಳ ಸೊಂಟದ ಮಟ್ಟಕ್ಕೆ ಬಗ್ಗಿ ನಿಂತಿದ್ದ. ಮುಖದಲ್ಲಿ ಒಂದಿಷ್ಟೂ ನಾಚಿಕೆ ಇಲ್ಲ!

"ಏನಂದ್ರಿ?"

"ಕಾಚರೀ... ಬೂಷ್ಟು ಹಿಡದದ, ವಾಸನಿ ಬರ್ಲಿಕತ್ತದ. ಬೇಕಂದ್ರ ಹಳೇದು ನಾನೇ ತೊಳದು ಇಟ್ಕೋತೀನಿ."

ಥೂ!

ತುಮಕೂರಿನಲ್ಲಿ ಕಾಚ ಅಂದರೆ ಒಳಚಡ್ಡಿ, ಬೇರೇನೂ ಅಲ್ಲ. ಅಲ್ಲೇ ಹುಟ್ಟಿ ಬೆಳೆದ ಹುಡುಗಿ ಅವಳು. ಚಹಾ ಹಿಡಿದು ಬಂದ ಅವನ ತಾಯಿ ಈರಮ್ಮನನ್ನು ತಳ್ಳಿಕೊಂಡೇ ಮಂಜುಶ್ರೀ ಹೊರಗೆ ಓಡಿದಳು. ನಾಸಿಕ್‌ನ ಅಂಬಡ್ ಬಡಾವಣೆಯ ಆ ಓಣಿ ದಾಟಿ ರಿಕ್ಷಾ ಹತ್ತುವವರೆಗೂ ಅವಳು ಹಿಂದಿರುಗಿ ನೋಡಲಿಲ್ಲ.

ಪಾಪ, ಬಂದದ್ದು ಎಷ್ಟು ಆಸೆಯಿಂದ! ಬ್ಯಾಂಕಿನವರು ಅವಳನ್ನು ಮಹಾರಾಷ್ಟ್ರಕ್ಕೆ, ನಾಸಿಕ್‌ನಿಂದ ನಾಲ್ಕು ತಾಸು ದೂರದ ಸಂಭಾಜಿನಗರಕ್ಕೆ ವರ್ಗ ಮಾಡಿ ಮೂರು ವಾರವಷ್ಟೇ ಆಗಿತ್ತು. ಜೊತೆಗೆ ತಂದಿದ್ದು ಸೋದರತ್ತೆ ಕೊಟ್ಟ ಹಳೆಯ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ. ಕೊರಳಿಗೆ ಹಾಕಿಕೊಂಡು, ಮೇಲಿನ ಮುಚ್ಚಳ ತೆಗೆದು, ಬಗ್ಗಿ ನೋಡಬೇಕು. ಒಳಗಿನ ಫೋಕಸಿಂಗ್ ಸ್ಕ್ರೀನ್ ಮೇಲೆ ಚಿತ್ರ ಬೀಳುತ್ತದೆ. ಬೀಳಬೇಕಿತ್ತು, ಆದರೆ ಸ್ಕ್ರೀನಿಗೆ ಬೂಷ್ಟು ಹಿಡಿದು ಏನೂ ಕಾಣುತ್ತಿರಲಿಲ್ಲ.

ನಾಸಿಕ್ ಸುತ್ತಲಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಕೇಳಿದಾಗ ಶಶಿಕಾಂತನ ಹೆಸರು ಸಿಕ್ಕಿತ್ತು. ಮನೆಯವರು ಬೀದರ್ ಕಡೆಯವರು, ಅವನು ಹುಟ್ಟಿದ್ದು ನಾಸಿಕ್‌ನಲ್ಲೇ. ವಾರವೆಲ್ಲ ಗಾಡಿಯ ಬಿಡಿಭಾಗದ ಕಾರ್ಖಾನೆ, ರಜೆಯಲ್ಲಿ ಮನೆಯಲ್ಲೇ ಕ್ಯಾಮೆರಾ ರಿಪೇರಿ. ಫೋನಿನಲ್ಲಿ ಎಂಥ ದನಿ ಅಂತೀರಿ! ಆ ದನಿಗಾಗಿಯೇ ಮಂಜುಶ್ರೀ ಹೊಸ ಕುರ್ತಾ ಹಾಕಿಕೊಂಡು ಹೋಗಿದ್ದಳು. ಆ ದನಿಯೇ ಹೀಗೆ ಅಂದದ್ದು ನೆನೆದರೆ ಮೈಯೆಲ್ಲ ಉಜ್ಜಿ ತೊಳೆಯಬೇಕು ಅನಿಸುತ್ತಿತ್ತು.

ಅವನು ನಾಲ್ಕು ಸಲ ಫೋನ್ ಮಾಡಿದ. ಅವಳು ಬ್ಲಾಕ್ ಮಾಡಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು... ಅವಳು ಗುಂಪಿನಲ್ಲಿ ಬರೆದಳು: "ಅಂಬಡ್‌ನ ಕ್ಯಾಮೆರಾ ರಿಪೇರಿ ಶಶಿಕಾಂತ ಹೊಲಸು ನಾಲಿಗೆಯವನು. ಹೆಣ್ಣುಮಕ್ಕಳು ಅವನ ಮನೆಗೆ ಹೋಗಬೇಡಿ."

ಗುಂಪಿನ ಹಿರಿಯರು ರೇವಣಪ್ಪ. ಅವರು ಏನು, ಎತ್ತ ಎಂದು ಕೇಳಲೇ ಇಲ್ಲ. ಅವನನ್ನು ಗುಂಪಿನಿಂದ ತೆಗೆದುಹಾಕಿದರು. ಶನಿವಾರದ ಭಜನೆಗೆ ಈರಮ್ಮನನ್ನು ಕರೆಯುವುದೂ ನಿಂತಿತು ಎಂದು ಯಾರೋ ಹೇಳಿದಾಗ ಮಂಜುಶ್ರೀಗೆ ಸಮಾಧಾನವೇ ಆಯಿತು. ಇರಲಿ, ಅನುಭವಿಸಲಿ!

ಹತ್ತು ದಿನ ಕಳೆಯಿತು. ಬ್ಯಾಂಕು ಗುಡಿಸಿ ಒರೆಸುವ ರಾಧಾಬಾಯಿ ಒದ್ದೆ ಬಟ್ಟೆ ಹಿಡಿದು ಅವಳ ಕ್ಯಾಬಿನ್ನಿಗೆ ಬಂದಳು. ಕಾಚ ತುಂಬ ಗಲೀಜಾಗಿದೆ, ಒರೆಸಲೇ ಮ್ಯಾಡಮ್, ಎಂದು ಮರಾಠಿಯಲ್ಲಿ ಕೇಳಿದಳು. ಮಂಜುಶ್ರೀ ಗಾಬರಿಯಿಂದ ಎದ್ದು ನಿಂತಳು. ರಾಧಾಬಾಯಿಯ ಬೆರಳು ಮಾತ್ರ ಕ್ಯಾಬಿನ್ನಿನ ಗಾಜು ತೋರಿಸುತ್ತಿತ್ತು.

ಗಾಜು... ಮರಾಠಿಯಲ್ಲಿ ಕಾಚ ಅಂದರೆ ಗಾಜು!

ಶಶಿಕಾಂತ ಬಗ್ಗಿ ನೋಡಿದ್ದು ಕೊರಳಲ್ಲಿ ತೂಗುತ್ತಿದ್ದ ಕ್ಯಾಮೆರಾದೊಳಕ್ಕೆ. ಮನೆಯ ಕನ್ನಡದಲ್ಲಿ ಮರಾಠಿ ಬೆರೆಸಿ, ಸ್ಕ್ರೀನಿಗೆ ಬೂಷ್ಟು ಹಿಡಿದಿದೆ ಎಂದು ಹೇಳಿದ್ದ, ಅಷ್ಟೇ. ಹೊಲಸು ಇದ್ದದ್ದು ಯಾರ ತಲೆಯಲ್ಲಿ? ಛೀ, ನಿನ್ನ ಜನ್ಮಕ್ಕಿಷ್ಟು... ಎಂದು ತನ್ನನ್ನೇ ಬೈದುಕೊಂಡಳು. ಆ ದಿನ ಊಟದ ಡಬ್ಬಿ ತೆರೆಯಲೂ ಮನಸ್ಸಾಗಲಿಲ್ಲ.

ನಾಲ್ಕನೇ ಶನಿವಾರ, ಬ್ಯಾಂಕಿಗೆ ರಜೆ. ನಾಸಿಕ್ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಬರೆದಳು, ಅಳಿಸಿದಳು. ವೈಜಾಪುರದಲ್ಲಿ ಬಸ್ಸು ನಿಂತಾಗ ಕಣ್ಣು ಮುಚ್ಚಿ ಗುಂಪಿಗೆ ಕಳಿಸಿಯೇಬಿಟ್ಟಳು. ಕಾಚದ ಎರಡೂ ಅರ್ಥ ಬಿಡಿಸಿ ಬರೆದು, ತಪ್ಪು ನನ್ನದು, ಶಶಿಕಾಂತ ಅವರದ್ದಲ್ಲ ಎಂದಿದ್ದಳು. ರೇವಣಪ್ಪನವರಿಂದ ಹಿಡಿದು ಎಲ್ಲರೂ ಓದುತ್ತಾರೆ. ಓದಲಿ.

ಬಾಗಿಲು ತೆರೆದ ಈರಮ್ಮ ಒಳಗೆ ಬಾ ಅನ್ನಲಿಲ್ಲ. ಶಶಿಕಾಂತ ಅವಳನ್ನು ನೋಡಿದ ರೀತಿಯಲ್ಲಿ ಬರೀ ಅಸಹ್ಯ.

ಹೊಸ್ತಿಲ ಹೊರಗೇ ನಿಂತು ಅವಳು ನಡೆದದ್ದೆಲ್ಲ ಹೇಳಿದಳು. ಈರಮ್ಮ ಮೊದಲು ಬಾಯಿಗೆ ಸೆರಗು ಒತ್ತಿಕೊಂಡಳು, ಆಮೇಲೆ ಗೋಡೆ ಹಿಡಿದು ನಕ್ಕಳು. ಶಶಿಕಾಂತ ನಗಲಿಲ್ಲ.

"ನಮ್ಮವ್ವ ಎರಡು ವಾರ ಮನಿ ಬಿಟ್ಟು ಹೊರಗ ಹೋಗಿಲ್ಲರಿ. ಹೊಲಸು ನಾಲಿಗಿ ಯಾರದು, ಈಗ ಹೇಳ್ರಿ."

"ನಂದು," ಅಂದಳು. ಕಣ್ಣೀರು ಬಂದೇಬಿಟ್ಟಿತು.

ಅವನು ನಗುತ್ತಿದ್ದ ತಾಯಿಯ ಕಡೆ ಒಮ್ಮೆ ನೋಡಿ, ಕ್ಯಾಮೆರಾ ಕೊಡಿ ಎಂದು ಕೈ ಚಾಚಿದ.

ಅಲ್ಲಿಂದ ಶುರುವಾಯಿತು ನೋಡಿ, ಈ ಹುಡುಗಿಯ ನಾಟಕ! ಮೊದಲ ಸಲ ಅವನು ಹಾಕಿದ್ದು ಬರೀ ಮಬ್ಬು ಗಾಜಿನ ಸ್ಕ್ರೀನು. ಕತ್ತಲೆ ಅಂದಳು. ಮುಂದಿನ ರಜೆಯಲ್ಲಿ ಕಣ್ಣಿಗೆ ಒತ್ತಿ ನೋಡುವ ಪ್ರಿಸಮ್ ಫೈಂಡರ್ ಕೊಟ್ಟ. ಅದರಲ್ಲಿ ಎಡ ಎಡಕ್ಕೇ, ಬಲ ಬಲಕ್ಕೇ ಕಾಣುತ್ತದೆ. ಭಾರ ಅಂದಳು. ಚಷ್ಮಾ ಅಡ್ಡ ಬರುತ್ತದೆ ಅಂದಳು. ಅವನಿಗೆ ರೇಗುತ್ತಿತ್ತು, ಆದರೂ ಎರಡು ತಿಂಗಳು ಒಂದು ರಜೆಯೂ ತಪ್ಪಿಸದೆ ಬೇರೆ ಬೇರೆ ಹುಡುಕಿ ತಂದ. ಈರಮ್ಮ ಭಜನೆಗೆ ಹೊರಡುವಾಗ ಇವಳಿಗೂ ರೊಟ್ಟಿ ಬಡಿದಿಟ್ಟು ಹೋಗುತ್ತಿದ್ದಳು.

ಕೊನೆಗೆ ಒಂದು ಶನಿವಾರ ಅವನು ಹಾಕಿದ್ದು ನಡುವೆ ಸೀಳಿರುವ ಸ್ಕ್ರೀನು, ಮೇಲಿನಿಂದ ಬಗ್ಗಿ ನೋಡುವ ಹಳೆಯ ಫೈಂಡರ್. ಫೋಕಸ್ ತಪ್ಪಿದರೆ ಚಿತ್ರ ಎರಡು ತುಂಡು. ತುಂಡು ಕೂಡಿದರೆ ಸರಿ.

"ಇದೇ ಕಡೀದು. ನನ್ನ ಹತ್ರ ಇನ್ಯಾವದೂ ಇಲ್ಲ. ಇದು ಕೂಡಿತಂದ್ರ ನೀವು ಇನ್ನ ಇಷ್ಟು ದೂರ ಬರೂದು ಬ್ಯಾಡ್ರಿ."

ಇನ್ನು ಬರೋದು ಬೇಡ! ಯಾವ ನೆಪ ಹೇಳಲಿ?

ಬಗ್ಗಿ ನೋಡಿದಳು. ಗಾಜಿನಲ್ಲಿ ಅವನ ಮೂಗು ಎರಡು ತುಂಡಾಗಿ ಕಂಡಿತು. ಮೆಲ್ಲಗೆ ಲೆನ್ಸ್ ತಿರುಗಿಸಿದಳು. ಕೂಡಿತು. ಎಷ್ಟು ನಿಚ್ಚಳ, ಎಷ್ಟು ಬೇಸರದ ಮುಖ... ಇವನಿಗೂ ನಾನು ಬರೋದು ನಿಲ್ಲುವುದು ಇಷ್ಟವಿಲ್ಲವೇ?

"ಇದೇ ಇರಲಿ," ಅಂದಳು. ತಲೆ ಎತ್ತಲಿಲ್ಲ.

"ಎಡ ಬಲ ಉಲ್ಟಾ ಕಾಣ್ತದ. ನಡೀತದೇನ್ರಿ?"

"ನಡೆಯುತ್ತೆ. ಮುಖ ಎತ್ತಿ ಹೇಳೋಕಾಗದ್ದು ಒಂದಿದೆ. ತಲೆ ತಗ್ಗಿಸಿಕೊಂಡೇ ಹೇಳಬಹುದು ಅಂತ..."

"ಏನ್ರಿ ಅದು?"

"ನಂಗೆ ಮೊದಲನೇ ಸ್ಕ್ರೀನೇ ಸರಿಯಾಗಿತ್ತು, ಶಶಿಕಾಂತ್. ಬರೋದು ನಿಲ್ಲಿಸೋಕೆ ನಂಗೆ ಇಷ್ಟ ಇರಲಿಲ್ಲ."

ಗಾಜಿನಲ್ಲಿ ಅವನು ಬಲಕ್ಕೆ ಸರಿದಂತೆ ಕಂಡಿತು. ನಿಜಕ್ಕೂ ಎಡಕ್ಕೆ ಬಂದು ಅವಳ ಪಕ್ಕದಲ್ಲೇ ನಿಂತಿದ್ದ. ಅವನ ಅಂಗೈ ಮೆಲ್ಲಗೆ ಬಂದು ಫೈಂಡರಿನ ಬಾಯಿ ಮುಚ್ಚಿತು.

"ಈಗ ನನ್ನ ಕಡೆ ನೋಡಿ ಹೇಳು," ಅಂದ. ಅವನ ಬಾಯಲ್ಲಿ 'ರಿ' ಇರಲಿಲ್ಲ.

ಅವಳು ತಲೆ ಎತ್ತಿದಳು.

"ಮುಂದಿನ ರಜೆಗೂ ಬರ್ತೀನಿ."

"ಬ್ಯಾಡ," ಅಂದ ಅವನು. "ಈ ಸಲ ಅವ್ವನ್ನ ಕರಕೊಂಡು ನಾನೇ ಬರ್ತೀನಿ."