ಉಳಿದದ್ದು ಹನ್ನೊಂದು ಪ್ಯಾಕೇಜು

"ಹಲೋ ಪ್ರಭು, ಇದೂ ಫೇಲ್ ಆಯ್ತು!"

ಫೇಲ್ ಆದದ್ದಕ್ಕೆ ಯಾರಾದರೂ ಅಷ್ಟು ಚೆಂದ ನಗುತ್ತಾರಾ? ಫೋನಿನೊಳಗಿನ ಆ ಪ್ರಭುದೇವನಿಗಾಗಿ ಜ್ಯೋತಿಲಕ್ಷ್ಮಿ ನಗುತ್ತಿದ್ದಳು. ಇತ್ತ ನಾನು ಗಿರಾಕಿ ಕದಿರಯ್ಯನ ಪಹಣಿ ಜೆರಾಕ್ಸ್ ಮಾಡುತ್ತಾ, ಎರಡು ಪ್ರತಿ ಬೇಕಿದ್ದಲ್ಲಿ ಹದಿನಾಲ್ಕು ತೆಗೆದಿದ್ದೆ.

ಅವಳು ಕೊರಟಗೆರೆ ಕಾಲೇಜಿನ ಮೇಡಂ. ಎಲ್ಲರೂ ಉಚಿತವಾಗಿ ಬಳಸುವ ಸಾಫ್ಟ್‌ವೇರುಗಳನ್ನು ನೋಡಿಕೊಳ್ಳುವ ಗುಂಪೊಂದರಲ್ಲಿ ಅವಳೂ ಇದ್ದಳು, ಪ್ರಭುದೇವನೂ ಇದ್ದ. ಬರೆದ ಕೋಡನ್ನು ಕಂಪ್ಯೂಟರಿನಲ್ಲಿ ಓಡುವಂತೆ ಕಟ್ಟಿಕೊಡುವ ಕಂಪೈಲರ್ ಹೊಸದಾದದ್ದೇ ತಡ, ಅವರ ನಲವತ್ತು ಸಾಫ್ಟ್‌ವೇರ್ ಪ್ಯಾಕೇಜು ಬಿಲ್ಡ್ ಆಗದೆ ನಿಂತವು. ಸರಿಮಾಡಿದ್ದು ಹಳೇ ಕಂಪ್ಯೂಟರಿನಲ್ಲೂ ಬಿಲ್ಡ್ ಆಗುತ್ತಾ ನೋಡಬೇಕಲ್ಲ, ಅಂಥ ಮುದಿ ಯಂತ್ರ ಅವಳಿಗೆ ಸಿಕ್ಕಿದ್ದು ಬಡವನಹಳ್ಳಿಯ ನನ್ನ ಅಂಗಡಿಯಲ್ಲಿ. ಹಾಗೆ ಅವಳ ಭಾನುವಾರಗಳು ನನ್ನವಾದವು.

ಈಗ ಉಳಿದದ್ದು ಹನ್ನೊಂದು. ಅವೂ ಮುಗಿದರೆ ಅವಳು ಈ ಕಡೆ ಬಸ್ಸು ಹತ್ತುವುದಿಲ್ಲ.

"ಏನಂತೆ ಆ ಕಂಪೈಲರಿನ ತಕರಾರು?" ಒಮ್ಮೆ ಕೇಳಿದ್ದೆ.

"ಹೊಸದು ಸ್ಟ್ರಿಕ್ಟು ಕಣ್ರೀ ರೇವಂತ್. ಮೊದಲೇ ಹೇಳದೇ ಬಿಟ್ಟಿದ್ದನ್ನ ಹಳೇದು ಅಂದಾಜಲ್ಲೇ ನಡೆಸ್ಕೊಂಡು ಹೋಗ್ತಿತ್ತು. ಇದು ಬಾಯಿಬಿಟ್ಟು ಹೇಳು ಅನ್ನುತ್ತೆ."

ಹಾಗೆಂದು ನನ್ನನ್ನೇ ನೋಡಿದ್ದಳು, ಬೇಕಾದ್ದಕ್ಕಿಂತ ಒಂದು ಚೂರು ಹೆಚ್ಚು ಹೊತ್ತು.

ಇವತ್ತು ಮಾತ್ರ ಗೋಡೆ ಕಡೆ ತಿರುಗಿ, "ಈಗ ಬೇಡ ಪ್ರಭು, ಆಮೇಲೆ ಹೇಳ್ತೀನಿ" ಅಂದಳು. ಕಿವಿ ಕೆಂಪಾಗಿತ್ತು. ನನ್ನ ಕೈ ತಾನಾಗೇ ಕಂಪ್ಯೂಟರಿನ ಸ್ವಿಚ್ಚಿಗೆ ಹೋಯಿತು. ಮೂರು ಗಂಟೆ ಹೊತ್ತಿನಿಂದ ಓಡುತ್ತಿದ್ದ ಇನ್ನೊಂದು ಬಿಲ್ಡ್ ಟಪ್ಪೆಂದು ಸತ್ತಿತು.

"ಅಯ್ಯೋ, ಏನಾಯ್ತು?"

"ಕರೆಂಟ್ ಹೋಯ್ತು."

ಅವಳು ತಲೆಯೆತ್ತಿದಳು. ಫ್ಯಾನು ಗರಗರ ತಿರುಗುತ್ತಿತ್ತು. ಅದರ ಗಾಳಿಗೆ ಅವಳ ಮುಂಗುರುಳು ಹಾರುತ್ತಿತ್ತು.

"ಫ್ಯಾನಿಗೆ ಬ್ಯಾರೆ ಕರೆಂಟ್ ಬತ್ತೈತೇನ್ಲಾ?" ಅಂದ ಕದಿರಯ್ಯ, ಹದಿನಾಲ್ಕೂ ಪಹಣಿ ಕಂಕುಳಿಗಿಟ್ಟುಕೊಂಡು ಹೊರಟ.

ಇಬ್ಬರೇ ಉಳಿದೆವು.

"ಮದುವೆ ಆಗ್ತೀರಾ ಅಂತ ಪ್ರಭು ಕೇಳಿದಾರೆ. ಇವತ್ತು ಉತ್ತರ ಹೇಳ್ಬೇಕು," ಅಂದಳು ಮೆಲ್ಲಗೆ. "ಅವರು ಬಾಯಿಬಿಟ್ಟು ಕೇಳಿದ್ರು. ನೀವು? ಟೀ ತರಿಸ್ತೀರಿ, ಸ್ವಿಚ್ ಆರಿಸ್ತೀರಿ. ನಾನೂ ಎಷ್ಟು ದಿನ ಅಂದಾಜಲ್ಲೇ ನಡೆಸ್ಲಿ?"

ಜೆರಾಕ್ಸ್ ಯಂತ್ರದ ಮುಚ್ಚಳ ಮುಚ್ಚಿ ಅವಳ ಕಡೆ ತಿರುಗಿದೆ. "ಹನ್ನೊಂದೂ ಮುಗಿದ ಮೇಲೂ ಬನ್ನಿ."

"ಯಾಕೆ?"

"ನೀವಂದ್ರೆ ನಂಗಿಷ್ಟ. ಭಾನುವಾರ ಮಾತ್ರ ಅಲ್ಲ, ವಾರ ಪೂರ್ತಿ."

ಅವಳು ಸ್ವಿಚ್ ಒತ್ತಿದಳು. ಮುದಿ ಯಂತ್ರ ನರಳುತ್ತಾ ಎದ್ದಿತು. ಆಮೇಲೆ ಫೋನೆತ್ತಿ, "ಪ್ರಭು, ಬೇಜಾರ್ ಮಾಡ್ಕೋಬೇಡಿ. ಆಗಲ್ಲ" ಅಂದು ಇಟ್ಟಳು.

"ಇನ್ನು ಮತ್ತೆ ಮೂರು ಗಂಟೆ ಕಾಯ್ಬೇಕು," ಅಂದಳು, ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಳ್ಳುತ್ತಾ. "ಎಲ್ಲಾ ನಿಮ್ಮಿಂದಲೇ."